ಪಿಳ್ಳಮ್ಮಜ್ಜಿಯ ಪೈಪು

ಪಿಳ್ಳಮ್ಮಜ್ಜಿಯನ್ನು ನೆನೆದಾಗ ಮೊದಲು ಕಾಣುವುದು ಅವರ ಮುಖವಲ್ಲ, ಒದ್ದೆ ಸೆರಗು. ಅದನ್ನು ಸೊಂಟಕ್ಕೆ ಸಿಕ್ಕಿಸಿ, ಕೈಯಲ್ಲಿ ನೀರಿನ ಪೈಪು ಹಿಡಿದು, ನೋಯುವ ಮಂಡಿಯನ್ನು ಎಳೆಯುತ್ತ ಬಾಡಿಗೆ ರೂಮುಗಳ ಸಾಲಿನುದ್ದಕ್ಕೂ ನಡೆಯುತ್ತಿದ್ದರು. ಪೈಪಿನ ಬಣ್ಣ ಹಸಿರೆಂದು ಬಹಳ ದಿನ ನಂಬಿದ್ದೆ. ಈಚೆಗೆ ನೀಲಿ ಅನ್ನಿಸುತ್ತಿದೆ. ಮುಂದೆ ಹೇಳುವುದನ್ನೂ ಅಷ್ಟೇ ನಂಬಿದರೆ ಸಾಕು.

ಮಾದನಾಯಕನಹಳ್ಳಿಯ ಆ ವಠಾರ ಅವರ ಮಗ ಕೃಷ್ಣಪ್ಪನದು. ರೂಮುಗಳು ಎದ್ದಿರುವ ಜಾಗ ಹಿಂದೆ ಅಜ್ಜಿ ಸೊಪ್ಪು ಬೆಳೆಯುತ್ತಿದ್ದ ಹೊಲ. ನಾನು ಪೀಣ್ಯದಲ್ಲಿ ಔಷಧಿ ಪ್ಯಾಕ್ ಮಾಡುವ ಕಂಪನಿಯೊಂದರಲ್ಲಿ ಪಾಳಿ ಕೆಲಸದಲ್ಲಿದ್ದೆ. ಪಕ್ಕದ ರೂಮಿನಲ್ಲಿ ಯಾದಗಿರಿ ಕಡೆಯ ಗಾರೆ ಕೆಲಸದ ಬಸವರಾಜ. ಬೋರ್‌ವೆಲ್ ಮೋಟರು ಬೆಳಿಗ್ಗೆ ಸ್ವಲ್ಪ ಹೊತ್ತು ಮಾತ್ರ ಓಡುತ್ತಿತ್ತು. ಅಷ್ಟರಲ್ಲಿ ನಮ್ಮಲ್ಲಿ ಅರ್ಧ ಜನ ಕೆಲಸಕ್ಕೆ ಹೋಗಿರುತ್ತಿದ್ದರು, ಉಳಿದವರು ರಾತ್ರಿ ಪಾಳಿ ಮುಗಿಸಿ ಮಲಗಿರುತ್ತಿದ್ದರು. ಬಾಗಿಲ ಹೊರಗಿಟ್ಟ ನಮ್ಮ ಡ್ರಮ್ಮುಗಳನ್ನು ಅಜ್ಜಿ ತುಂಬಿಸುತ್ತಿದ್ದರು. ಸೊಪ್ಪಿನ ಮಡಿಗಳಿಗೆ ನೀರು ಕಟ್ಟುವವರ ಹಾಗೆ, ಒಂದು ತುಂಬುವ ತನಕ ನಿಂತು, ಆಮೇಲೆ ಇನ್ನೊಂದಕ್ಕೆ ತಿರುಗಿಸುವುದು.

ತುಂಬಿಸುತ್ತ ಬೈಯುವರು. "ಮುಚ್ಚಳ ಎಲ್ಲೋಯ್ತಲಾ? ಸೊಳ್ಳೆ ಸಾಕ್ತಿದೀಯಾ?" ಬೈದ ಮೇಲೆ ಮುಚ್ಚಳವನ್ನು ತಾವೇ ಹುಡುಕಿ ಮುಚ್ಚುವರು. ನಮಗೋಸ್ಕರ ಇಷ್ಟೆಲ್ಲ ಕಷ್ಟ ಯಾಕಜ್ಜಿ ಎಂದು ಒಮ್ಮೆ ಕೇಳಿದ್ದೆ.

"ನಿಂಗೋಸ್ಕರ ಯಾರ್ಲಾ ಮಾಡ್ತಾರೆ? ಒಂದ್ ಸಾಲು ಡ್ರಮ್ಮು ತುಂಬುದ್ರೆ ನಂಗೆ ಒಟ್ಟೆ ಅಸೀತದೆ. ಇಲ್ದಿದ್ರೆ ನಮ್ ಸೊಸೆ ಸಾರು ಗಂಟ್ಲಲ್ಲಿ ಇಳಿಯಾಕಿಲ್ಲ."

ಸೊಸೆಯ ಮೇಲಿನ ಕುಹಕವೆಂದು ನಕ್ಕುಬಿಟ್ಟೆ.

ಒಂದು ಬೆಳಿಗ್ಗೆ ಬಸವರಾಜನ ಬಾಗಿಲ ಮುಂದೆಯೇ ಅವರು ಜಾರಿ ಬಿದ್ದರು. ದೊಡ್ಡ ಪೆಟ್ಟೇನೂ ಆಗಲಿಲ್ಲ. ಎದ್ದು ಉಳಿದ ಡ್ರಮ್ಮುಗಳನ್ನು ತುಂಬಿಸಿಯೇ ಹೋದರು. ಸಂಜೆ ಬಸವರಾಜ ನನ್ನ ರೂಮಿಗೆ ಬಂದು ಕೂತ. "ನಮ್ಮ ಆಯಿ ವಯಸ್ಸಿನಾಕಿ ಕಡಿಂದ ನೀರು ತುಂಬಿಸ್ಕೋತೀವಿ. ನಾಚಿಕಿ ಬರ್ತದ್ರಿ," ಎಂದ. ನಾನು ಕೃಷ್ಣಪ್ಪನ ಹಿಂದೆ ಬಿದ್ದೆ. ತಾಯಿಯ ಮಂಡಿಯ ವಿಷಯ ಎತ್ತಿದ ಮೇಲೆ ಆತನೂ ಒಪ್ಪಿದ. ತಾರಸಿಯ ಮೇಲೆ ಕಪ್ಪು ಟ್ಯಾಂಕು ಬಂತು, ರೂಮಿಗೊಂದು ನಲ್ಲಿ ಬಂತು. ವಠಾರದವರೆಲ್ಲ ನನ್ನ ಬೆನ್ನು ತಟ್ಟಿದರು. ಅವತ್ತು ಮೆಸ್ಸಿನಲ್ಲಿ ಎರಡನೇ ಸಲ ಅನ್ನ ಹಾಕಿಸಿಕೊಂಡು ಉಂಡೆ. ಬಹಳ ದಿನಗಳ ಮೇಲೆ ಒಳ್ಳೆಯ ನಿದ್ದೆ ಬಂತು. ಕೆಲವು ದಿನ ಕಂಪನಿಯಲ್ಲಿ ಯಾರ ಮೇಲೂ ರೇಗಲಿಲ್ಲ.

ಅಜ್ಜಿ ನನ್ನ ನಲ್ಲಿಯನ್ನು ತಿರುಗಿಸಿ ನೋಡಿ, ನಿಲ್ಲಿಸಿ, "ಚೆಂದಾಗೈತೆ" ಎಂದರು. ಪೈಪನ್ನು ಸುತ್ತಿ ಕಾಂಪೌಂಡಿನ ಮೊಳೆಗೆ ನೇತುಹಾಕಿದ್ದು ಅವರೋ ಮಗನೋ, ಗೊತ್ತಿಲ್ಲ. ಆಮೇಲೆ ಬೆಳಗಿನ ಹೊತ್ತು ಅವರು ಮೆಟ್ಟಿಲ ಮೇಲೆ ಕೂತು, ಹೋಗಿ ಬರುವವರನ್ನು ನೀರು ಬಂತಾ ಎಂದು ಕೇಳುತ್ತಿದ್ದರು. ಬಂತಜ್ಜಿ ಎಂದು ಎಲ್ಲರೂ ಸೌಜನ್ಯದಿಂದಲೇ ಹೇಳಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಬೈಸಿಕೊಳ್ಳಲು ಯಾರ ಬಾಗಿಲಲ್ಲೂ ಡ್ರಮ್ಮು ಇರಲಿಲ್ಲ.

ಬೇಸಿಗೆ ಕಳೆಯುವಷ್ಟರಲ್ಲಿ ಅವರ ರವಿಕೆಯ ತೋಳು ಸಡಿಲವಾಗಿತ್ತು. ಡಾಕ್ಟರಿಗೆ ತೋರಿಸಿದರೆ ವಯಸ್ಸಾಯಿತು ಎಂದರಂತೆ. ಒಂದು ದಿನ ಸೊಸೆ ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿ, "ನಿಮ್ಮತ್ರ ಏನಾದ್ರೂ ಹೇಳ್ಕೊಂಡ್ರಾ? ಮುದ್ದೆ ಮುಟ್ತಾನೇ ಇಲ್ಲ," ಎಂದು ಕೇಳಿದರು. ಆ ಹೆಂಗಸಿನ ಕಣ್ಣಲ್ಲಿ ನೀರಿತ್ತು. ನಾನು ನಕ್ಕಿದ್ದ ಮಾತು ಆಗ ನೆನಪಾಯಿತು.

ಡಾಕ್ಟರ ಮಾತೇ ಸರಿಯಿರಬಹುದು. ಟ್ಯಾಂಕು ಬರದಿದ್ದರೂ ಅವರು ಬಡವಾಗುತ್ತಿದ್ದರೇನೋ. ತಪ್ಪು ನನ್ನದೇ ಎಂದುಕೊಳ್ಳುವುದರಲ್ಲೂ ಒಂದು ಜಂಬವಿದೆ. ಆದರೂ ಅವತ್ತು ಮೆಸ್ಸಿನಲ್ಲಿ ನನಗಾದ ಆ ಹಸಿವು ಅವರಿಂದ ನನಗೆ ಬಂತು ಎನ್ನುವುದನ್ನು ಮನಸ್ಸಿನಿಂದ ತೆಗೆಯಲು ಆಗಿಲ್ಲ.

ಒಂದು ಭಾನುವಾರ ಹಳೆಯ ಡ್ರಮ್ಮನ್ನು ತೊಳೆದು ಹೊರಗಿಟ್ಟು, ನಲ್ಲಿ ಕೆಟ್ಟಿದೆ, ಸ್ವಲ್ಪ ನೀರು ತುಂಬಿಸಿಕೊಡಿ ಎಂದು ಅಜ್ಜಿಯನ್ನು ಕೇಳಿದೆ. ಅವರು ಬಂದು ನಲ್ಲಿ ತಿರುಗಿಸಿದರು. ನೀರು ಧಾರಾಳವಾಗಿ ಸುರಿಯಿತು.

"ನಿಂಗೆ ಸುಳ್ಳು ಏಳಾಕೂ ಬರಾಕಿಲ್ಲ ಕಣ್ಲಾ," ಎಂದರು.

ಆದರೆ ಹೋಗಲಿಲ್ಲ. ಮೊಳೆಯಿಂದ ಪೈಪು ತೆಗೆದು ಮೋಟರಿನ ಪಕ್ಕದ ನಲ್ಲಿಗೆ ಸಿಕ್ಕಿಸಿದರು. ಪೈಪು ಜಾರಿ ನೀರೆಲ್ಲ ಕಾಲ ಮೇಲೆ ಬಿತ್ತು. ಹಿಡಿಯಲು ಮುಂದೆ ಬಂದ ಬಸವರಾಜನನ್ನು ನಾನು ತಡೆದೆ. ಇಬ್ಬರು ಗಟ್ಟಿ ಆಳುಗಳು ಕೈಕಟ್ಟಿ ನಿಂತು, ಮುದುಕಿಯೊಬ್ಬರು ತೊಯ್ದುಕೊಂಡು ಡ್ರಮ್ಮು ತುಂಬಿಸುವುದನ್ನು ನೋಡಿದೆವು. ತುಂಬಿದ ಮೇಲೆ ಮುಚ್ಚಳ ಎಲ್ಲಿ ಎಂದು ಬೈದರು. ಮೆಟ್ಟಿಲ ಮೇಲೆ ಕೂತು, ತಿನ್ನಲು ಏನಿದೆ ಎಂದು ಕೇಳಿದರು. ಬೆಳಗಿನ ಚಿತ್ರಾನ್ನ ತಣ್ಣಗಾಗಿತ್ತು, ತಟ್ಟೆಗೆ ಹಾಕಿಕೊಟ್ಟೆ. ಉಪ್ಪು ಕಮ್ಮಿ ಎಂದರು.

ಆ ವಾರವೇ ಕಂಪನಿ ನನ್ನನ್ನು ಅತ್ತಿಬೆಲೆಯ ಘಟಕಕ್ಕೆ ಕಳಿಸಿತು. ಅಜ್ಜಿ ಹೋದ ಸುದ್ದಿ ಫೋನಿನಲ್ಲಿ ಬಂತು.

ಅವತ್ತು ಅವರು ತಟ್ಟೆ ಖಾಲಿ ಮಾಡಿದ್ದನ್ನು, ಕೊನೆಗೆ ಬೆರಳಿಂದ ತಟ್ಟೆಯನ್ನು ಬಳಿದು ತಿಂದದ್ದನ್ನು ನಾನು ಸ್ಪಷ್ಟವಾಗಿ ಕಾಣಬಲ್ಲೆ. ಬಸವರಾಜ ಹಾಗಲ್ಲ ಎನ್ನುತ್ತಾನೆ. ಎರಡು ತುತ್ತು ತಿಂದು, ನಾನು ಒಳಗೆ ಹೋದಾಗ ಉಳಿದದ್ದನ್ನು ಅವನ ಕೈಗೆ ಕೊಟ್ಟು, ಅವ್ನಿಗೆ ಏಳ್ಬ್ಯಾಡ ಎಂದರಂತೆ.

ತಟ್ಟೆ ತೊಳೆದವನು ಅವನು.