ಕಂಪೌಂಡರ್ ಬೆಳ್ಯಪ್ಪನ ಸಿಟ್ಟು

ಸುಳ್ಯದ ಡಾಕ್ಟರರೊಬ್ಬರ ಕಂಪೌಂಡರ್ ಬೆಳ್ಯಪ್ಪನಿಗೆ ಚಂದಕ್ಕೆಂದು ಮೋಟಾರು ಸೈಕಲ್ ಇಟ್ಟುಕೊಂಡವರನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಅವನೋ, ದಿನಾ ಬೆಳಿಗ್ಗೆ ಮದ್ದಿನ ಚೀಲ ಹೆಗಲಿಗೇರಿಸಿ, ಯುದ್ಧಕಾಲದ ಹಳೇ ಗಾಡಿಯನ್ನು ಒದ್ದೊದ್ದು ಎಬ್ಬಿಸಿ, ಇವತ್ತು ಕಲ್ಲುಗುಂಡಿ, ನಾಳೆ ಗುತ್ತಿಗಾರು ಎಂದು ತಿರುಗುವವನು. ಹೊಸ ಗಾಡಿಯವರು ಎದುರಾದರೆ ಸಾಕು, ಅಡ್ಡ ನಿಂತು ವಿಚಾರಣೆ ಶುರು: "ವಾರಕ್ಕೆ ಎಷ್ಟು ದಿನ ಓಡಿಸುದು?" "ಭಾನುವಾರ ಮಾತ್ರ" ಎಂದವರ ಕಥೆ ಮುಗಿಯಿತು. "ಹಾಗಾದ್ರೆ ನೀವು ಸವಾರ ಅಲ್ಲ ಮಾರಾಯ್ರೆ, ಗಾಡಿಯ ಕಾವಲುಗಾರ!" ಎಂದು ಪೇಟೆಗೆಲ್ಲ ಕೇಳುವಂತೆ ಕಿರುಚಿ, ಪ್ಯಾಂಟು ಮೇಲೆತ್ತಿ, ಮೀನಖಂಡದಲ್ಲಿ ಸೈಲೆನ್ಸರ್ ತಾಗಿ ಸುಟ್ಟ ಕಲೆ ತೋರಿಸಿ, "ಇದು ಉಂಟಾ ನಿಮಗೆ?" ಎನ್ನುವನು. ಜನ ನಗುತ್ತಿದ್ದರು, ಅವನು ನಗುತ್ತಿರಲಿಲ್ಲ. ಅರುವತ್ತೆರಡನೇ ಇಸವಿಯಲ್ಲಿ, ಗುತ್ತಿಗಾರಿನ ಸೇವಂತಿ ಎಂಬ ಹೆಂಗಸಿಗೆ ಹಾವು ಕಡಿದ ದಿನ, ಚುಚ್ಚುಮದ್ದು ಒಯ್ಯುತ್ತಿದ್ದ ಅವನ ಗಾಡಿಯ ಚೈನು ದಾರಿಯಲ್ಲೇ ತುಂಡಾಗಿತ್ತು. ಪಕ್ಕದ ದೊಡ್ಡ ಮನೆಯ ಚಾವಡಿಯಲ್ಲಿ ಹೊಸ ಮೋಟಾರು ಸೈಕಲ್ ಬೆಡ್‌ಶೀಟು ಹೊದ್ದು ನಿಂತಿತ್ತು. ಕೈಮುಗಿದು ಕೇಳಿದ. "ಭಾನುವಾರ ಬಿಟ್ಟು ನಾನೇ ಇದನ್ನು ಹೊರಗೆ ತೆಗೆಯುದಿಲ್ಲ, ಮಣ್ಣಾಗ್ತದೆ" ಎಂದರು ಯಜಮಾನರು. ಬೆಳ್ಯಪ್ಪ ನಾಲ್ಕು ಮೈಲಿ ಓಡಿದ. ಅವನು ಮುಟ್ಟುವಾಗ ಸೇವಂತಿಯ ಹೆಣವನ್ನು ಅಂಗಳಕ್ಕೆ ತಂದು ಮಲಗಿಸಿ ಆಗಿತ್ತು. ಅವಳ ಗಂಡ ವೆಂಕಪ್ಪ ಅಳುತ್ತಲೇ ಒಳಗೆ ಹೋಗಿ, ಬೆಲ್ಲ ನೀರು ತಂದು ಕೈಗೆ ಕೊಟ್ಟು, "ಕುಡೀರಿ, ಪಾಪ, ಎಷ್ಟು ದೂರ ಓಡಿ ಬಂದಿರಿ" ಎಂದ.