ಕಾಫಿ ಕಾಯಿಸಿದ್ರಾ ಅಂತ ಕೇಳುತ್ತಿದ್ದ ಮೆರ್ಶಾ

ಇಥಿಯೋಪಿಯಾದ ನಮ್ಮ ದೆಸ್ಸಿ ಊರಲ್ಲಿ ಒಬ್ಬರೇ ಕೂತು ಕಾಫಿ ಕುಡಿಯುವುದಿಲ್ಲ. ಬೀಜ ಹುರಿದ ವಾಸನೆ ಎದ್ದಿತೆಂದರೆ ನೆರೆಯವರನ್ನು ಕರೆಯಲೇಬೇಕು, ಮೂರು ಸುತ್ತು ಕುಡಿಸಲೇಬೇಕು. ಗಂಡ ಅಸ್ರಾತ್ ತೀರಿಕೊಂಡ ಮೇಲೆ ನಾನು ಕಾಫಿ ಗಿಂಡಿಯನ್ನು ಬೋರಲು ಹಾಕಿ ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟೆ.

ಮನಸ್ಸಿನ ಕಾಯಿಲೆ ಅಂತ ಡಾಕ್ಟರು ಬರೆದುಕೊಟ್ಟ ಗುಳಿಗೆ ಕೊಟ್ಟವನು ಔಷಧಿ ಅಂಗಡಿಯ ಮೆರ್ಶಾ. ನನ್ನ ಕಾಯಿಲೆಯ ಹೆಸರು ಪಕ್ಕದವರ ಕಿವಿಗೆ ಬೀಳದ ಹಾಗೆ ಕತ್ತು ಬಗ್ಗಿಸಿ ಹೇಳಿದ.

"ಯೆಶಿಯಕ್ಕಾ, ಎರಡು ಮೂರು ವಾರ ಗುಣ ಕಾಣಲ್ಲ. ಹೊಟ್ಟೆ ತೊಳಸುತ್ತೆ. ಸಿಟ್ಟು ಬಂದ್ರೆ ನನ್ನ ಬೈರಿ, ಗುಳಿಗೆ ಮಾತ್ರ ಬಿಡಬೇಡಿ."

ಬೈದೆ, ಬಾಯಿಗೆ ಬಂದ ಹಾಗೆ ಬೈದೆ. ಅವನು ಮಾತ್ರ ಪ್ರತಿ ತಿಂಗಳೂ ಒಂದೇ ಪ್ರಶ್ನೆ ಕೇಳುತ್ತಿದ್ದ: "ಕಾಫಿ ಕಾಯಿಸಿದ್ರಾ?" ಇಲ್ಲ ಅಂದರೆ ಕತ್ತರಿ ತೆಗೆದುಕೊಂಡು ಗುಳಿಗೆಯ ಪಟ್ಟಿ ಕತ್ತರಿಸಿ ಕೊಡುತ್ತಿದ್ದ. ಮೂರನೇ ತಿಂಗಳಿಗೆ ನಿದ್ದೆ ಹತ್ತಿತು, ಹಸಿವಾಯಿತು.

ಅಷ್ಟರಲ್ಲಿ ಈಸ್ಟರ್ ಹಬ್ಬದ ಮುಂಚಿನ ದೊಡ್ಡ ಉಪವಾಸ ಬಂತು. ಐವತ್ತೈದು ದಿನ, ಹೊತ್ತು ಇಳಿಯುವವರೆಗೆ ತೊಟ್ಟು ನೀರೂ ಬಾಯಿಗೆ ಹೋಗಬಾರದು. ಬೆಳಗಿನ ಗುಳಿಗೆ ನುಂಗುವುದು ಹೇಗೆ? ಯಾರನ್ನೂ ಕೇಳದೆ ಬಿಟ್ಟೆ, ಮಂಕು ಮುಂಡೇದು ನಾನು! ವಾರದೊಳಗೆ ತಲೆ ಗಿರ್ರೆಂದಿತು. ಆಮೇಲೆ ಮತ್ತೆ ಅದೇ ಗೋಡೆ. ಈ ಸಲ ಬದುಕೇ ಬೇಡವೆನಿಸಿತು. ಬಾಗಿಲು ತಟ್ಟುವವರು ಒಬ್ಬರೂ ಇರಲಿಲ್ಲ.

ಗುಳಿಗೆ ಒಯ್ಯುವ ದಿನ ಕಳೆದು ನಾಲ್ಕು ದಿನಕ್ಕೆ ಮೆರ್ಶಾ ಅಂಗಡಿ ಮುಚ್ಚಿ ಬಂದ.

"ಬಾಗ್ಲು ತೆಗೀರಿ ಅಕ್ಕಾ. ಇಲ್ದಿದ್ರೆ ಇಲ್ಲೇ ಕೂತು ಹಾಡು ಹೇಳ್ತೀನಿ. ನನ್ನ ಕಂಠ ಗೊತ್ತಲ್ಲ, ಓಣಿ ಖಾಲಿ ಆಗುತ್ತೆ."

ತೆಗೆದೆ. ನನ್ನ ಮುಖ ನೋಡಿ ನೇರವಾಗಿ ಕೇಳಿದ: "ಸಾಯ್ಬೇಕು ಅನ್ಸಿದ್ಯಾ?"

ಅಲ್ಲಿಯವರೆಗೆ ಆ ಮಾತು ಯಾರೂ ಕೇಳಿರಲಿಲ್ಲ. ಹೌದು ಅಂದೆ. ಅವನು ಬೆಚ್ಚಲಿಲ್ಲ, ಬುದ್ಧಿಯನ್ನೂ ಹೇಳಲಿಲ್ಲ. ಉಪವಾಸದ ಕತೆ ಕೇಳಿ ಹಣೆ ಚಚ್ಚಿಕೊಂಡ.

"ತಪ್ಪು ನಂದು. ಉಪವಾಸ ಮಾಡ್ತೀರಾ ಅಂತ ಮೊದ್ಲೇ ಕೇಳ್ಬೇಕಿತ್ತು. ಏಳಿ, ಈಗ್ಲೇ ಡಾಕ್ಟರ ಹತ್ರ ಹೋಗೋಣ."

ಡಾಕ್ಟರು ಮತ್ತೆ ಗುಳಿಗೆ ಶುರು ಮಾಡಿಸಿದರು. ಮೆರ್ಶಾ ಕೇಳಿದ್ದಕ್ಕೆ, ಉಪವಾಸ ಬಿಡುವ ಹೊತ್ತಿಗೇ ನುಂಗಿದರೆ ಸಾಕು ಅಂದರು. ಇಷ್ಟು ಸಣ್ಣ ವಿಷಯಕ್ಕೆ ನಾನು ಸಾಯಹೊರಟಿದ್ದೆ. ಉಪವಾಸ ಮುಗಿಯುವವರೆಗೂ ಅವನು ದಿನಾ ಬಂದು ಹೊಸ್ತಿಲಾಚೆ ನಿಂತೇ ವಿಚಾರಿಸಿ ಹೋಗುತ್ತಿದ್ದ.

ಹಬ್ಬ ಕಳೆದ ಮೇಲೆ ಅಂಗಡಿಗೆ ಹೋದಾಗ ಮತ್ತದೇ ಪ್ರಶ್ನೆ. ನನಗೆ ರೇಗಿತು.

"ನನ್ನನ್ನೇ ಕೇಳ್ತೀಯಲ್ಲ, ನಿಮ್ಮನೇಲಿ ಯಾರಪ್ಪ ಕಾಯಿಸ್ತಾರೆ?"

ಮೆರ್ಶಾ ಕತ್ತರಿ ಕೆಳಗಿಟ್ಟ. "ಅಂಗಡಿ ಹಿಂದಿನ ಕೋಣೇಲಿ ನಾನೊಬ್ನೇ ಅಕ್ಕಾ, ನೆರೆಯವ್ರೂ ಇಲ್ಲ," ಅಂದ.

ಅವತ್ತೇ ಗಿಂಡಿ ತೊಳೆದೆ, ಬೀಜ ಹುರಿದೆ, ಅವನನ್ನು ಕರೆದೆ. ಮೊದಲ ಸುತ್ತು ತಳದವರೆಗೂ ಕುಡಿದ. ಎರಡನೆಯದಕ್ಕೆ ತಾನೇ ಬಟ್ಟಲು ಮುಂದೆ ಹಿಡಿದ.

"ಹನ್ನೊಂದು ವರ್ಷ ಆಯ್ತು ಯೆಶಿಯಕ್ಕಾ," ಅಂದ, "ನನ್ನನ್ನ ಯಾರಾದ್ರೂ ಕಾಫಿಗೆ ಕರೆದು."