ಒಂದೇ ಕೋಶಕ್ಕೆ ಐದು ಸಾಕ್ಷಿ

ಹದ್ದುಗಣ್ಣಕ್ಕನ ಮುತ್ತಜ್ಜ ಜರಡಿ ಹೆಣೆಯುವವನು. ಮೂಟೆ ಅಲ್ಲಾಡಿಸಿ, ಸದ್ದು ಕೇಳಿ, ಒಳಗೆ ಎಷ್ಟು ಕಲ್ಲಿವೆ ಎಂದು ಹೇಳುತ್ತಿದ್ದ. ಅಜ್ಜಿ ಒಂದೇ ಬೀದಿಯ ಮೂವತ್ತೆರಡು ತಲೆಗಳ ಹೇನು ಹೆಕ್ಕಿ, ಮೂವತ್ತಮೂರನೆಯ ತಲೆ ಬೋಳು ಎಂದು ಬೇಸರಪಟ್ಟವಳು. ತಾಯಿ ಗಡಿಯಾರ ರಿಪೇರಿ ಅಂಗಡಿಯಲ್ಲಿ ನೆಲಕ್ಕೆ ಬಿದ್ದ ತಿರುಪು ಹುಡುಕಿಕೊಟ್ಟೇ ಮಕ್ಕಳನ್ನು ಸಾಕಿದಳು. ಇಂಥ ಮನೆತನದವಳು ಸೂಕ್ಷ್ಮದರ್ಶಕದ ಮುಂದೆ ಕೂರದೆ ಇನ್ನೆಲ್ಲಿ ಕೂತಾಳು?

ಗರ್ಭಕಂಠದ ಕ್ಯಾನ್ಸರ್ ತರುವ ವೈರಸ್ ಒಂದಿದೆ. ಅದರ ಪ್ರೋಟೀನನ್ನು ಇಲಿಗೆ ಚುಚ್ಚಿದರೆ, ಇಲಿಯ ಮೈ ಅದನ್ನು ಗುರುತು ಹಿಡಿಯುವ ಪ್ರತಿಕಾಯ ಮಾಡುತ್ತದೆ. ಪ್ರತಿಕಾಯ ಮಾಡುವ ಆ ಜೀವಕೋಶಗಳನ್ನು ಸಾವೇ ಇಲ್ಲದ ಕ್ಯಾನ್ಸರ್ ಕೋಶಗಳ ಜೊತೆ ಬೆಸೆಯುತ್ತಾರೆ. ಕಳ್ಳನನ್ನು ಹಿಡಿಯಲು ಕಳ್ಳನ ಮನೆಯಿಂದಲೇ ಹೆಣ್ಣು ತಂದ ಹಾಗೆ. ಬೆಸೆದವುಗಳಲ್ಲಿ ಒಂದೊಂದಕ್ಕೂ ಒಂದೊಂದು ಬುದ್ಧಿ. ಆದ್ದರಿಂದ ತೊಂಬತ್ತಾರು ಗುಳಿಗಳ ತಟ್ಟೆಯಲ್ಲಿ ಗುಳಿಗೊಂದೇ ಕೋಶ ಬೀಳುವಷ್ಟು ತೆಳುವಾಗಿ ಬಿತ್ತಬೇಕು. ಒಂದೇ ತಾಯಿಯ ಸಂತಾನವಾದರೆ ಪ್ರತಿಕಾಯವೂ ಒಂದೇ ಬಗೆ. ಅಂಥ ಸಂತಾನವೊಂದು ಎರಡು ವರ್ಷದ ಮೇಲೆ ಹದ್ದುಗಣ್ಣಕ್ಕನ ಕೈಗೆ ಹತ್ತಿತ್ತು. ಆಗ ಪ್ರಯೋಗಾಲಯದ ದಾಖಲೆ ಅಧಿಕಾರಿ ಬಂದರು.

“ಇದು ಒಂದೇ ಕೋಶದಿಂದ ಬೆಳೆದದ್ದು ಅಂತ ಯಾರು ನೋಡಿದ್ರು?”

“ನಾನು ಸಾರ್.”

“ಜೊತೆಗೆ ಯಾರಿದ್ರು?”

“ಆ ಕೋಶ ಇತ್ತು.”

“ಅದರ ಸಹಿ ನಡೆಯಲ್ಲಮ್ಮ.”

ಹೊಸದಾಗಿ ಬಿತ್ತಬೇಕು, ಐವರ ಸಮಿತಿ ನೋಡಿ ಸಹಿ ಹಾಕಬೇಕು ಎಂದು ಅಪ್ಪಣೆಯಾಯಿತು. ತಡಮಾಡುವ ಹಾಗಿರಲಿಲ್ಲ. ಪ್ರತಿಕಾಯ ಮಾಡದೆ ಬರೀ ಉಂಡು ಹೆಚ್ಚುವ ಮೈಗಳ್ಳ ಕೋಶಗಳು ಸಂತಾನದೊಳಗೆ ದಿನದಿನಕ್ಕೂ ಏರುತ್ತಿದ್ದವು. ಇನ್ನೊಂದು ತಿಂಗಳು ಹೋದರೆ ಎರಡು ವರ್ಷದ ದುಡಿಮೆ ನೀರುಪಾಲು.

ಬಿತ್ತಿದಳು. ಕಾವಲುಗಾರ ಕಣ್ಣಿಟ್ಟು, “ನನ್ನ ರೆಪ್ಪೆ ಕಾಣ್ತಾ ಇದೆ” ಎಂದ. ಸರಿಯಾಗಿ ಕೂರಿಸಿದ ಮೇಲೆ ಒಂದು ಕೋಶ ಕಂಡಿತು. ಬೆರಳಚ್ಚಿನವಳಿಗೂ ಒಂದು. ಮೂರನೆಯವರು ಸಭೆಯಲ್ಲಿದ್ದರು, ನಾಲ್ಕನೆಯವರು ಕನ್ನಡಕ ಹುಡುಕುತ್ತಿದ್ದರು. ಐದನೆಯವರು, ಉಗ್ರಾಣದ ಗುಮಾಸ್ತರು, ಮಾರನೆಯ ದಿನ ಊಟ ಮುಗಿಸಿ ಬಂದರು.

“ಎರಡಿವೆಯಲ್ಲ.”

ಕೋಶ ಒಡೆದು ಎರಡಾಗಿತ್ತು.

“ನಿನ್ನೆ ಬಂದಿದ್ರೆ ಒಂದೇ ಇತ್ತಲ್ಲಣ್ಣ.”

“ನಿನ್ನೆ ನನಗೆ ರಜೆ. ಅದಕ್ಕಿರಲಿಲ್ವಾ?”

ಸಾಕ್ಷಿಗಳಲ್ಲಿ ಒಮ್ಮತವಿಲ್ಲ ಎಂದು ಅಧಿಕಾರಿ ಬರೆದರು. ಎರಡನೆಯ ಸಲ ಬಿತ್ತಿದಾಗ ಗುಮಾಸ್ತರು ಬರುವ ಹೊತ್ತಿಗೆ ನಾಲ್ಕಾಗಿದ್ದವು. ಅವರು ನಾಲ್ಕನ್ನೂ ಎರಡೆರಡು ಸಲ ಎಣಿಸಿ ಎಂಟೆಂದು ಬರೆದರು.

ಮೂರನೆಯ ಸಲ ಹದ್ದುಗಣ್ಣಕ್ಕ ಐವರನ್ನೂ ಅಧಿಕಾರಿಯನ್ನೂ ಮೊದಲೇ ಒಳಗೆ ಕರೆದು, ಚಿಲಕ ಹಾಕಿ, ಆಮೇಲೆ ಬಿತ್ತಿದಳು.

“ಬಾಗಿಲು ತೆಗೀರಿ, ಕಾಫಿ ಹೊತ್ತಾಯ್ತು” ಎಂದರು ಗುಮಾಸ್ತರು.

“ಸಹಿ ಆದ ಮೇಲೆ ಕುಡೀರಣ್ಣ.”

ಕೋಶ ಗುಳಿಯ ತಳ ಮುಟ್ಟಿದ ಕಾಲು ಗಂಟೆಯಲ್ಲೇ ಐವರಿಗೂ ಒಂದೇ ಕಂಡಿತು. ವಾರಗಳು ಕಳೆದ ಮೇಲೆ ಅದರ ಸಂತಾನದ ಪ್ರತಿಕಾಯವನ್ನು ರೋಗಿಯ ಅಂಗಾಂಶದ ತುಣುಕಿನ ಮೇಲೆ ಹಾಕಿ ಬಣ್ಣ ಬರಿಸಿದರು. ವೈರಸ್ಸಿನ ಪ್ರೋಟೀನ್ ಇದ್ದ ಕೋಶಗಳು ಕಂದು ಬಣ್ಣಕ್ಕೆ ತಿರುಗಿದವು, ನೆರೆಯವುಗಳಿಗೆ ಕಲೆಯೂ ಹತ್ತಲಿಲ್ಲ.

ಅಧಿಕಾರಿಗೆ ಇದೆಲ್ಲ ಸಮಿತಿಯಿಂದಲೇ ಆಯಿತೆಂದು ಹೆಮ್ಮೆ.

“ಮುಂದಿನ ಸಲಕ್ಕೆ ಹತ್ತು ಜನರನ್ನ ಕೊಡ್ತೀನಮ್ಮ. ನಿಮಗೂ ಸಹಾಯ.”

“ಬೇಡ ಸಾರ್. ಇರೋದು ಒಂದೇ ಸ್ಟೂಲು, ಅದರ ಮೇಲೆ ನಾನು ಕೂತಿರ್ತೀನಿ.”